ಟಿಎಟಿ-8: ಅಟ್ಲಾಂಟಿಕ್ ಸಾಗರದಡಿಯ ಮೊದಲ ಬೆಳಕಿನ ಕೇಬಲ್

ಟಿಎಟಿ-8 ಅಮೆರಿಕ ಸಂಯುಕ್ತ ಸಂಸ್ಥಾನ, ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳನ್ನು ಅಟ್ಲಾಂಟಿಕ್ ಸಾಗರದ ತಳದಲ್ಲಿ ಜೋಡಿಸಿದ್ದ ದೂರವಾಣಿ ಕೇಬಲ್. ಟ್ರಾನ್ಸ್‌ಅಟ್ಲಾಂಟಿಕ್ ಟೆಲಿಫೋನ್ ಕೇಬಲ್‌ಗಳ ಸರಣಿಯಲ್ಲಿ ಇದು ಎಂಟನೆಯದು. ತಾಮ್ರದಲ್ಲಿ ಹರಿಯುವ ವಿದ್ಯುತ್ತಿನ ಬದಲು ಗಾಜಿನ ಎಳೆಯಲ್ಲಿ ಹರಿಯುವ ಬೆಳಕಿನಿಂದ ಆ ಸಾಗರವನ್ನು ದಾಟಿದ ಕೇಬಲ್‌ಗಳಲ್ಲಿ ಇದೇ ಮೊದಲು. ಅಮೆರಿಕದ ಎಟಿ ಅಂಡ್ ಟಿ, ಬ್ರಿಟಿಷ್ ಟೆಲಿಕಾಂ ಮತ್ತು ಫ್ರಾನ್ಸ್ ಟೆಲಿಕಾಂಗಳ ಮುಂದಾಳತ್ವದ ಒಕ್ಕೂಟ ಸುಮಾರು 33.5 ಕೋಟಿ ಡಾಲರ್ ವೆಚ್ಚದಲ್ಲಿ ಇದನ್ನು ಹಾಕಿಸಿತು. 1988ರ ಡಿಸೆಂಬರ್ 14ರಂದು ಸೇವೆ ಆರಂಭವಾಯಿತು, 2002ರಲ್ಲಿ ಮುಗಿಯಿತು.

ಸಾಗರದಡಿಯ ಕೇಬಲ್‌ಗೆ ರೂಢಿಯಲ್ಲಿ ಹಿಡಿಯುವ ಆಯುಸ್ಸು 25 ವರ್ಷ. ಟಿಎಟಿ-8 ಹದಿನಾಲ್ಕನೆಯ ವರ್ಷಕ್ಕೆ ಕೆಲಸ ಬಿಟ್ಟಿತು. ಅದರ ಗಾಜು ಸವೆದಿರಲಿಲ್ಲ. ಅದು ಯಾವ ತಂತ್ರಜ್ಞಾನವನ್ನು ಆಳಸಮುದ್ರದಲ್ಲಿ ನಿಜವೆಂದು ತೋರಿಸಿಕೊಟ್ಟಿತೋ ಅದೇ ತಂತ್ರಜ್ಞಾನ ಮುಂದಿನ ಹೆಜ್ಜೆಗಳನ್ನು ಬಹಳ ಬೇಗ ಇಟ್ಟಿತು. ದಾರಿ ತೆರೆದ ಕೇಬಲ್ ಆ ನಡಿಗೆಗೆ ಹೆಜ್ಜೆ ಕೂಡಿಸಲಾಗದಂತೆ ಕಟ್ಟಲ್ಪಟ್ಟಿತ್ತು. ಈ ಕೇಬಲ್‌ನ ಚರಿತ್ರೆಯಲ್ಲಿ ಗಮನವಿಟ್ಟು ನೋಡಬೇಕಾದ ಸಂಗತಿ ಇದೇ.

ಮುಂಚಿನ ಒಂದು ಶತಮಾನ

ಅಟ್ಲಾಂಟಿಕ್‌ನ ಎರಡು ದಡಗಳನ್ನು ಕೇಬಲ್‌ನಿಂದ ಜೋಡಿಸುವ ಪ್ರಯತ್ನ 1850ರ ದಶಕದ್ದು. ಐರ್ಲೆಂಡಿನ ವ್ಯಾಲೆನ್ಶಿಯಾ ದ್ವೀಪದಿಂದ ನ್ಯೂಫೌಂಡ್‌ಲೆಂಡಿಗೆ 1858ರಲ್ಲಿ ಎಳೆದ ತಂತಿ ಮೂರು ವಾರಗಳಲ್ಲೇ ಮೌನವಾಯಿತು. 1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಹಾಸಿದ ತಂತಿ ನೆಲೆನಿಂತಿತು. ಆದರೆ ಅದು ಸಾಗಿಸುತ್ತಿದ್ದದ್ದು ಟೆಲಿಗ್ರಾಫ್ ಸಂಕೇತಗಳನ್ನು. ಮನುಷ್ಯನ ಧ್ವನಿ ತಂತಿಯ ಮೂಲಕ ಆ ಸಾಗರ ದಾಟಲು ಮತ್ತೆ ತೊಂಬತ್ತು ವರ್ಷ ಹಿಡಿಯಿತು. ನಡುವೆ, 1927ರಿಂದ, ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ರೇಡಿಯೋ ಮೂಲಕ ಮಾತಾಡಲು ಸಾಧ್ಯವಾಗಿತ್ತು; ಹವೆ ಕೆಟ್ಟರೆ, ಸೂರ್ಯನ ಚಟುವಟಿಕೆ ಹೆಚ್ಚಿದರೆ ಮಾತು ಅಳಿಸಿಹೋಗುತ್ತಿತ್ತು.

ಧ್ವನಿಗೆ ಏಕಿಷ್ಟು ತಡ? ವಿದ್ಯುತ್ ರೂಪದ ಧ್ವನಿಸಂಕೇತ ತಾಮ್ರದಲ್ಲಿ ಬೇಗ ಕ್ಷೀಣಿಸುತ್ತದೆ. ದಾರಿಯುದ್ದಕ್ಕೂ ಅದನ್ನು ಮತ್ತೆ ಮತ್ತೆ ವರ್ಧಿಸುವ ಸಾಧನಗಳು ಬೇಕು. ಅವು ಕೈಗೆಟುಕದ ಸಾಗರತಳದಲ್ಲಿ ದಶಕಗಳ ಕಾಲ ಕೆಡದೆ ನಡೆಯಬೇಕು. ನಿರ್ವಾತ ನಳಿಕೆಗಳಿಂದ ಅಂಥ ರಿಪೀಟರ್‌ಗಳನ್ನು ಮಾಡಿ ಎಟಿ ಅಂಡ್ ಟಿ, ಬ್ರಿಟನ್ನಿನ ಅಂಚೆ ಇಲಾಖೆ ಮತ್ತು ಕೆನಡಾದ ಸಂಸ್ಥೆಗಳು ಸೇರಿ 1956ರ ಸೆಪ್ಟೆಂಬರ್ 25ರಂದು ಟಿಎಟಿ-1 ಅನ್ನು ಚಾಲನೆಗೆ ತಂದವು. ಸ್ಕಾಟ್‌ಲೆಂಡಿನ ಓಬನ್‌ನಿಂದ ನ್ಯೂಫೌಂಡ್‌ಲೆಂಡಿನ ಕ್ಲಾರೆನ್‌ವಿಲ್‌ವರೆಗಿನ ಆ ಕೇಬಲ್‌ನಲ್ಲಿ ಏಕಕಾಲಕ್ಕೆ ನಡೆಸಬಹುದಾಗಿದ್ದ ಸಂಭಾಷಣೆಗಳು 36. ಎರಡು ಖಂಡಗಳ ನಡುವೆ ಬರೀ 36! ಆದರೂ ಅದು ದೊಡ್ಡ ಸಾಧನೆ. ಆಮೇಲೆ ತಾಮ್ರದ ಏಕಾಕ್ಷ (ಕೋಆಕ್ಸಿಯಲ್) ಕೇಬಲ್‌ಗಳು ಒಂದರ ಹಿಂದೊಂದು ಬಂದವು: 1970ರ ಟಿಎಟಿ-5ರಲ್ಲಿ 845 ಮಾರ್ಗಗಳು, 1976ರ ಟಿಎಟಿ-6 ಮತ್ತು 1983ರ ಟಿಎಟಿ-7ರಲ್ಲಿ ತಲಾ ಸುಮಾರು 4,000.

ಟಿಎಟಿ-7ಕ್ಕೆ ಬರುವ ಹೊತ್ತಿಗೆ ತಾಮ್ರ ತನ್ನ ಮಿತಿ ಮುಟ್ಟಿತ್ತು. ಹೆಚ್ಚು ಮಾರ್ಗ ಬೇಕೆಂದರೆ ಹೆಚ್ಚಿನ ಆವರ್ತನ ಬಳಸಬೇಕು. ಆವರ್ತನ ಏರಿದಷ್ಟೂ ಕ್ಷಯ ಹೆಚ್ಚು. ಕ್ಷಯ ಹೆಚ್ಚಿದಷ್ಟೂ ರಿಪೀಟರ್‌ಗಳನ್ನು ಹತ್ತಿರ ಹತ್ತಿರ ಇಡಬೇಕು. ಟಿಎಟಿ-7ರಲ್ಲಿ ಹತ್ತು ಕಿಲೋಮೀಟರ್ ಒಳಗೇ ಒಂದು ರಿಪೀಟರ್ ಬೇಕಾಗಿತ್ತು. ಅಷ್ಟೊಂದು ಪೆಟ್ಟಿಗೆಗಳನ್ನು ಸಾಗರತಳದಲ್ಲಿಡುವುದು ದುಬಾರಿ, ಕೆಡುವ ಸಂಭವವೂ ಅಷ್ಟೇ ಜಾಸ್ತಿ.

ಇತ್ತ 1965ರಲ್ಲಿ ಅರ್ಲಿ ಬರ್ಡ್ ಉಪಗ್ರಹ 240 ಮಾರ್ಗಗಳೊಡನೆ ಅಟ್ಲಾಂಟಿಕ್ ಮೇಲೆ ನಿಂತ ಬಳಿಕ, ಕೇಬಲ್‌ಗಳ ಕಾಲ ಮುಗಿಯಿತೆಂದು ನಂಬಿದವರು ಬಹಳ ಮಂದಿ. ಉಪಗ್ರಹಕ್ಕೆ ಒಂದು ತೊಡಕು ಮಾತ್ರ ಕೊನೆವರೆಗೂ ಬಿಡಲಿಲ್ಲ. ಭೂಸ್ಥಿರ ಕಕ್ಷೆ ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಮಾತು ಮೇಲೆ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡ್, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡ್. ಆ ಅರೆ ಸೆಕೆಂಡಿನ ಮೌನದಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರುಮಾಡುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ. ಎಂಬತ್ತರ ದಶಕದಲ್ಲಿ ವಿದೇಶದಲ್ಲಿದ್ದ ಮಕ್ಕಳೊಡನೆ ಎಸ್‌ಟಿಡಿ–ಐಎಸ್‌ಡಿ ಬೂತ್‌ನಿಂದ ಮಾತಾಡಿದವರಿಗೆ ಈ ಗೊಂದಲ ಚೆನ್ನಾಗಿ ಗೊತ್ತು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ. ಆರು ಸಾವಿರ ಚಿಲ್ಲರೆ ಕಿಲೋಮೀಟರುಗಳ ಅಟ್ಲಾಂಟಿಕ್ ದಾರಿಗೆ ಅದಕ್ಕೆ ಬೇಕಾಗುವುದು ಒಂದು ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು. ಕಿವಿ ಅದನ್ನು ಗುರುತಿಸದು.

ಗಾಜು ತಿಳಿಯಾದ ಬಗೆ

ಬಾಗಿದ ಗಾಜಿನ ಎಳೆಯಲ್ಲಿ ಬೆಳಕು ಹಿಡಿದಿಟ್ಟಂತೆ ಸಾಗುತ್ತದೆ ಎಂಬುದು ಹೊಸ ಸುದ್ದಿಯೇನಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಡನೆ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ್ದರು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಕೆಲವು ಮೀಟರುಗಳಲ್ಲೇ ನಂದಿಹೋಗುತ್ತಿತ್ತು. ವೈದ್ಯರ ಒಳದರ್ಶಕಕ್ಕೆ ಅಷ್ಟು ಸಾಕು, ದೂರವಾಣಿಗೆ ಸಾಲದು.

1966ರಲ್ಲಿ ಇಂಗ್ಲೆಂಡಿನ ಹಾರ್ಲೋ ಪಟ್ಟಣದ ಪ್ರಯೋಗಾಲಯವೊಂದರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಒಂದು ಮುಖ್ಯ ಮಾತು ಹೇಳಿದರು. ನಷ್ಟ ಗಾಜಿನ ಸ್ವಭಾವದ್ದಲ್ಲ, ಅದರಲ್ಲಿರುವ ಕಲ್ಮಶದ್ದು. ಗಾಜನ್ನು ಶುದ್ಧಗೊಳಿಸಿ ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕೆಳಗೆ ತಂದರೆ ದೂರವಾಣಿ ಸಾಧ್ಯ ಎಂದು. ಇಪ್ಪತ್ತು ಡೆಸಿಬೆಲ್ ಎಂದರೆ ಹೊರಟ ಬೆಳಕಿನಲ್ಲಿ ನೂರಕ್ಕೆ ಒಂದು ಭಾಗ ಮಾತ್ರ ಉಳಿಯುವುದು. ಒಂದು ಕಿಲೋಮೀಟರಿನ ಆಚೆ ಅಷ್ಟಾದರೂ ಉಳಿಯಲಿ ಎಂಬುದು ಆಗಿನ ಗುರಿ. ಅಮೆರಿಕದ ಕಾರ್ನಿಂಗ್ ಕಂಪನಿ 1970ರಲ್ಲಿ ಆ ಗೆರೆ ದಾಟಿತು. 1980ರ ದಶಕದ ನಡುವಿಗೆ, 1.3 ಮೈಕ್ರಾನ್ ತರಂಗದೂರದ ಅವಕೆಂಪು ಬೆಳಕಿಗೆ ನಷ್ಟ ಕಿಲೋಮೀಟರಿಗೆ ಸುಮಾರು 0.4 ಡೆಸಿಬೆಲ್‌ಗೆ ಇಳಿದಿತ್ತು. ಅಂದರೆ ನೂರರಲ್ಲೊಂದು ಭಾಗ ಉಳಿಯುವ ಜಾಗ ಒಂದು ಕಿಲೋಮೀಟರಿನಿಂದ ಐವತ್ತು ಕಿಲೋಮೀಟರಿಗೆ ಸರಿದಿತ್ತು. ಟಿಎಟಿ-8ರ ರಿಪೀಟರ್‌ಗಳ ಅಂತರ ಹೆಚ್ಚುಕಡಿಮೆ ಇಷ್ಟೇ ಇದ್ದದ್ದು ಕಾಕತಾಳೀಯವಲ್ಲ. ಕಾವ್ ಅವರಿಗೆ ಈ ಕೆಲಸಕ್ಕಾಗಿ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ನೆಲದ ಮೇಲೆ ನಡೆದದ್ದು ಸಮುದ್ರದಡಿ ನಡೆಯಬೇಕಲ್ಲ. ಅದಕ್ಕಾಗಿ 1980ರಲ್ಲಿ ಸ್ಕಾಟ್‌ಲೆಂಡಿನ ಲಾಕ್ ಫೈನ್ ಎಂಬ ಸಮುದ್ರತೋಳಿನಲ್ಲಿ ಬ್ರಿಟನ್ನಿನ ಎಸ್‌ಟಿಸಿ ಕಂಪನಿ ಪ್ರಯೋಗ ನಡೆಸಿತು. 1986ರಲ್ಲಿ ಬ್ರಿಟನ್ ಮತ್ತು ಬೆಲ್ಜಿಯಂ ನಡುವೆ, ಬ್ರಾಡ್‌ಸ್ಟೇರ್ಸ್‌ನಿಂದ ಓಸ್ಟೆಂಡ್‌ವರೆಗೆ, ಸುಮಾರು 120 ಕಿ.ಮೀ. ಉದ್ದದ ಬೆಳಕಿನ ಕೇಬಲ್ ಸೇವೆಗೆ ಬಂತು. ದೇಶದಿಂದ ದೇಶಕ್ಕೆ ಸಮುದ್ರದಡಿ ಸಾಗಿದ ಮೊದಲ ಬೆಳಕಿನ ಕೇಬಲ್ ಅದು. ಆಳವಿಲ್ಲದ ಉತ್ತರ ಸಮುದ್ರದ ಮೇಲಿನ ಈ ಯಶಸ್ಸು, ಹಲವು ಕಿಲೋಮೀಟರ್ ಆಳದ ಅಟ್ಲಾಂಟಿಕ್‌ಗೆ ಭರವಸೆ ಕೊಟ್ಟಿತೇ ಹೊರತು ಖಾತರಿ ಕೊಡಲಿಲ್ಲ.

ಒಳರಚನೆ

ಆಳಸಮುದ್ರದ ಭಾಗದಲ್ಲಿ ಟಿಎಟಿ-8ರ ದಪ್ಪ ಸುಮಾರು 21 ಮಿಲಿಮೀಟರ್. ಖಂಡಗಳ ನಡುವಿನ ಮಾತನ್ನು ಹೊತ್ತದ್ದು ಒಂದು ಹೆಬ್ಬೆರಳಿನ ಗಾತ್ರದ ಹುರಿ. ಎಟಿ ಅಂಡ್ ಟಿ ವಿನ್ಯಾಸದಲ್ಲಿ ನಡುವೆ ಒಂದು ಉಕ್ಕಿನ ತಂತಿ. ಅದರ ಸುತ್ತ ಮೆದುವಾದ ರಬ್ಬರಿನಂಥ ವಸ್ತುವಿನಲ್ಲಿ ಹುದುಗಿದ ಗಾಜಿನ ಎಳೆಗಳು. ಅದರ ಹೊರಗೆ ಎಳೆತವನ್ನೂ ನೀರಿನ ಒತ್ತಡವನ್ನೂ ತಡೆಯುವ ಉಕ್ಕಿನ ತಂತಿಗಳ ಹೆಣಿಗೆ. ಅದರ ಮೇಲೆ ತಾಮ್ರದ ಕೊಳವೆ. ಎಲ್ಲಕ್ಕೂ ಹೊರಗೆ ಪಾಲಿಥೀನ್ ಹೊದಿಕೆ. ದಡಕ್ಕೆ ಹತ್ತಿರವಾದಂತೆ ದಪ್ಪ ಉಕ್ಕಿನ ಕವಚಗಳು ಸೇರುತ್ತವೆ.

ಬೆಳಕಿನ ಕೇಬಲ್‌ನಲ್ಲಿ ತಾಮ್ರ ಏಕೆ ಎಂಬ ಪ್ರಶ್ನೆ ಸಹಜ. ಆ ತಾಮ್ರ ಮಾತನ್ನು ಸಾಗಿಸುವುದಿಲ್ಲ, ತಳದ ರಿಪೀಟರ್‌ಗಳಿಗೆ ಕರೆಂಟನ್ನು ಸಾಗಿಸುತ್ತದೆ. ಎರಡೂ ದಡಗಳಿಂದ ಸಾವಿರಾರು ವೋಲ್ಟ್‌ಗಳ ನೇರ ವಿದ್ಯುತ್ತನ್ನು ಅದರಲ್ಲಿ ಊಡಲಾಗುತ್ತದೆ. ಮಂಡಲ ಪೂರ್ಣವಾಗಲು ಮರಳುವ ದಾರಿ ಸಮುದ್ರವೇ.

ರಿಪೀಟರ್ ಎಂಬುದು ಈ ಕೇಬಲ್‌ನ ಹೃದಯ, ಮುಂದೆ ಅದರ ಮಿತಿಯೂ ಆಯಿತು. ಆದ್ದರಿಂದ ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ತುಸು ವಿವರವಾಗಿ ನೋಡುವುದು ಒಳ್ಳೆಯದು. ಎಳೆಯಲ್ಲಿ ಬಂದ ಮಸುಕು ಬೆಳಕನ್ನು ಒಂದು ಬೆಳಕು ಗ್ರಾಹಕ ವಿದ್ಯುತ್ತಾಗಿ ಬದಲಿಸುತ್ತದೆ. ವಿದ್ಯುನ್ಮಾನ ಮಂಡಲ ಅದು ಸೊನ್ನೆಯೋ ಒಂದೋ ಎಂದು ತೀರ್ಮಾನಿಸುತ್ತದೆ. ಆಮೇಲೆ ಒಂದು ಲೇಸರ್ ಅದೇ ಬಿಟ್ಟನ್ನು ಹೊಸ ಬೆಳಕಾಗಿ, ಶುದ್ಧವಾಗಿ, ಮುಂದಿನ ಐವತ್ತು ಕಿಲೋಮೀಟರಿಗೆ ಕಳಿಸುತ್ತದೆ. ತಾಮ್ರದ ಕಾಲದ ವರ್ಧಕಗಳು ಮಾತಿನ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತಿದ್ದವು. ಇಲ್ಲಿ ಪ್ರತಿ ನಿಲ್ದಾಣದಲ್ಲೂ ಸಂಕೇತ ಹೊಸದಾಗಿ ಹುಟ್ಟುವುದರಿಂದ ಗದ್ದಲ ಕೂಡಿಕೊಳ್ಳುವುದಿಲ್ಲ; ಕಾರ್ನ್‌ವಾಲ್‌ನಲ್ಲಿ ಕೇಳುವ ಧ್ವನಿ ನ್ಯೂಜೆರ್ಸಿಯಲ್ಲಿ ಹೊರಟಷ್ಟೇ ಸ್ವಚ್ಛ.

ಇಂಥ ನೂರಕ್ಕೂ ಹೆಚ್ಚು ಪೆಟ್ಟಿಗೆಗಳು ಸಾಗರತಳದಲ್ಲಿ ಕುಳಿತವು. ಅಂದಿನ ಲೇಸರ್‌ಗಳು ಇನ್ನೂ ಎಳೆಯ ತಂತ್ರಜ್ಞಾನ. ಒಂದು ಕೆಟ್ಟರೆ ಕೇಬಲನ್ನು ಮೇಲೆತ್ತಲು ಹಡಗು ಕಳಿಸಬೇಕು. ಅದಕ್ಕಾಗಿ ಒಂದು ಲೇಸರ್ ಸೋತರೆ ಇನ್ನೊಂದು ಅದರ ಜಾಗಕ್ಕೆ ಬರುವಂತೆ ಬದಲಿ ಲೇಸರ್‌ಗಳನ್ನೂ ಇಡಲಾಗಿತ್ತು. ಕೇಬಲ್‌ನಲ್ಲಿದ್ದದ್ದು ಮೂರು ಜೋಡಿ ಎಳೆಗಳು: ಎರಡು ಕೆಲಸಕ್ಕೆ, ಒಂದು ಆಪತ್ತಿಗೆ.

ಪ್ರತಿ ಜೋಡಿಯ ಸಾಮರ್ಥ್ಯ ಸೆಕೆಂಡಿಗೆ 280 ಮೆಗಾಬಿಟ್. ನಿಯಂತ್ರಣಕ್ಕೆ ಬೇಕಾದ ಬಿಟ್‌ಗಳೂ ಸೇರಿ ಎಳೆಯಲ್ಲಿ ನಿಜವಾಗಿ ಓಡುತ್ತಿದ್ದ ವೇಗ 295.6 ಮೆಗಾಬಿಟ್. ಈ ಅಂಕಿಯನ್ನು ನೆನಪಿಡಬೇಕು: ತಳದಲ್ಲಿದ್ದ ಪ್ರತಿ ರಿಪೀಟರ್‌ನ ಗಡಿಯಾರವನ್ನೂ ಇದೇ ವೇಗಕ್ಕೆ, ಒಂದೇ ತರಂಗದೂರಕ್ಕೆ ಕಟ್ಟಿಹಾಕಲಾಗಿತ್ತು.

ನಲವತ್ತು ಸಾವಿರದ ಲೆಕ್ಕ

ಟಿಎಟಿ-8 ಏಕಕಾಲಕ್ಕೆ 40,000 ಸಂಭಾಷಣೆಗಳನ್ನು ನಡೆಸಬಲ್ಲದು ಎಂದು ಆಗ ಪ್ರಚಾರವಾಯಿತು; ಇಂದಿಗೂ ಹಲವು ಗ್ರಂಥಗಳಲ್ಲಿ ಅದೇ ಅಂಕಿ ಇದೆ. ಅಂಕಿ ಸುಳ್ಳಲ್ಲ, ಆದರೆ ಅದನ್ನು ಬಿಡಿಸಿ ನೋಡಬೇಕು. ಒಂದು ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಎಂದು ಹಿಡಿದರೆ ಎರಡು ಜೋಡಿಗಳಲ್ಲಿ ಸಿಗುವ ಮಾರ್ಗಗಳು ಸುಮಾರು 7,500 ಮಾತ್ರ. ಉಳಿದದ್ದು ದಡದ ಯಂತ್ರಗಳ ಜಾಣ್ಮೆ. ಫೋನಿನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುತ್ತಿರುತ್ತಾರೆ. ಮಾತಿನ ನಡುವೆಯೂ ಉಸಿರಿನಷ್ಟು ಬಿಡುವು ಇರುತ್ತದೆ. ಆ ಮೌನಗಳಲ್ಲಿ ಬೇರೆಯವರ ಮಾತನ್ನು ತೂರಿಸಿ, ಪ್ರತಿ ಧ್ವನಿಯನ್ನು ಕಡಿಮೆ ಬಿಟ್‌ಗಳಲ್ಲಿ ಬರೆದರೆ ಒಂದು ಮಾರ್ಗ ಐದರಷ್ಟು ಕೆಲಸ ಮಾಡುತ್ತದೆ. ಹಾಗೆ ಬಂದದ್ದು ನಲವತ್ತು ಸಾವಿರ.

ಆದ್ದರಿಂದ ಮಾರ್ಗಗಳ ಮೂಲ ಲೆಕ್ಕದಲ್ಲಿ ಟಿಎಟಿ-8, ಟಿಎಟಿ-7ರ ಎರಡರಷ್ಟೂ ಇರಲಿಲ್ಲ. ಅಳತೆಯಲ್ಲಿ ಅದು ಕ್ರಾಂತಿ ಎನ್ನುವುದು ಅತಿಶಯ. ಕ್ರಾಂತಿ ಬೇರೆಡೆ ಇತ್ತು. ತಾಮ್ರದ ಕೇಬಲ್ ತನ್ನ ಕೊನೆಯ ಮೆಟ್ಟಿಲಲ್ಲಿ ನಿಂತಿತ್ತು. ಗಾಜು ಮೊದಲ ಮೆಟ್ಟಿಲಲ್ಲಿತ್ತು. ಮಾತು ಬಿಟ್‌ಗಳಾಗಿ ಸಾಗಿದ್ದರಿಂದ ಅದೇ ದಾರಿಯಲ್ಲಿ ಕಂಪ್ಯೂಟರಿನ ದತ್ತಾಂಶವೂ ಚಿತ್ರವೂ ಯಾವ ಭೇದವಿಲ್ಲದೆ ಹೋಗಬಹುದಾಗಿತ್ತು. ದೂರವಾಣಿಗೆಂದು ಕಟ್ಟಿದ ಕೇಬಲ್, ತಾನು ಹೊರುವ ಸರಕು ದೂರವಾಣಿಯೇ ಆಗಬೇಕೆಂದು ಕೇಳುತ್ತಿರಲಿಲ್ಲ.

ಮೂರು ದಡ, ಒಂದು ಕವಲು

ಕೇಬಲ್‌ನ ಅಮೆರಿಕದ ತುದಿ ನ್ಯೂಜೆರ್ಸಿಯ ಟಕರ್‌ಟನ್. ಬ್ರಿಟನ್ನಿನ ತುದಿ ಕಾರ್ನ್‌ವಾಲ್‌ನ ವಿಡ್‌ಮತ್ ಬೇ. ಇವೆರಡೂ ಹಳೆಯ ಪರಿಚಿತ ಜಾಗಗಳು. 1963ರ ಟಿಎಟಿ-3 ಕೂಡ ಈ ಎರಡು ದಡಗಳ ನಡುವೆಯೇ ಸಾಗಿತ್ತು. ಫ್ರಾನ್ಸಿನ ತುದಿ ಬ್ರಿಟನಿ ಪ್ರಾಂತ್ಯದ ಪೆನ್ಮಾರ್.

ಹಿಂದಿನ ಕೇಬಲ್‌ಗಳು ಒಂದು ದಡದಿಂದ ಇನ್ನೊಂದು ದಡಕ್ಕೆ ಮಾತ್ರ ಹೋಗುತ್ತಿದ್ದವು. ಟಿಎಟಿ-8 ಒಂದೇ ಹುರಿಯಾಗಿ ಸಾಗರ ದಾಟಿ, ಯುರೋಪಿನ ಭೂಖಂಡದಂಚಿನಲ್ಲಿ ನೀರಿನಡಿಯಲ್ಲೇ ಎರಡಾಗಿ ಒಡೆಯಿತು. ಒಂದು ಜೋಡಿ ಎಳೆ ದ್ವೀಪರಾಷ್ಟ್ರ ಬ್ರಿಟನ್ನಿಗೆ, ಇನ್ನೊಂದು ಮುಖ್ಯಭೂಮಿಯ ಫ್ರಾನ್ಸಿಗೆ. ಈ ಕವಲು ಪೆಟ್ಟಿಗೆ ಟಿಎಟಿ-8ರ ಅತ್ಯಂತ ಫಲವತ್ತಾದ ಹೊಸತನ. ಇಂದು ಆಫ್ರಿಕಾವನ್ನು ಸುತ್ತುವ, ಏಷ್ಯಾದ ಹತ್ತಾರು ದೇಶಗಳನ್ನು ಪೋಣಿಸುವ ಕೇಬಲ್‌ಗಳೆಲ್ಲ ಇಂಥ ಕವಲುಗಳ ಮೇಲೆಯೇ ನಿಂತಿವೆ. ಸಣ್ಣ ದ್ವೀಪದೇಶವೊಂದು ತನ್ನದೇ ಪೂರ್ಣ ಕೇಬಲ್ ಹಾಕಿಸದೆ ದೊಡ್ಡ ಹುರಿಯಿಂದ ಒಂದು ಎಳೆ ಪಡೆಯುವುದು ಸಾಧ್ಯವಾದದ್ದು ಇದರಿಂದ.

ಕವಲಿನ ಹಿಂದೆ ಕೈಗಾರಿಕಾ ರಾಜಕೀಯವೂ ಇತ್ತು. ಮೂರು ದೇಶಗಳೂ ತಮ್ಮ ಪಾಲಿನ ತಂತ್ರಜ್ಞಾನವನ್ನು ತಾವೇ ಕಟ್ಟಲು ಬಯಸಿದವು. ಟಕರ್‌ಟನ್‌ನಿಂದ ಕವಲಿನವರೆಗಿನ ಸುಮಾರು 5,800 ಕಿ.ಮೀ. ಎಟಿ ಅಂಡ್ ಟಿಯದು. ಬ್ರಿಟನ್ನಿನ ತೋಳು, ಸುಮಾರು 500 ಕಿ.ಮೀ., ಎಸ್‌ಟಿಸಿಯದು, ಫ್ರಾನ್ಸಿನ ತೋಳು, 300 ಕಿ.ಮೀ. ಮೇಲ್ಪಟ್ಟು, ಸಬ್‌ಮಾರ್ಕಾಂ ಕಂಪನಿಯದು. ಮೂರು ಬೇರೆ ಬೇರೆ ವಿನ್ಯಾಸದ ಯಂತ್ರಗಳು ಸಮುದ್ರದಡಿ ಒಂದನ್ನೊಂದು ತಪ್ಪಿಲ್ಲದೆ ಅರ್ಥಮಾಡಿಕೊಳ್ಳಬೇಕಾಗಿತ್ತು. ಬಿಟ್‌ಗಳ ವೇಗ ಮತ್ತು ಕ್ರಮವನ್ನು ಮೊದಲೇ ಒಪ್ಪಿಕೊಂಡಿದ್ದರಿಂದ ಅದು ನಡೆಯಿತು. ಮೂರು ರಾಷ್ಟ್ರಗಳ ಎಂಜಿನಿಯರುಗಳ ಈ ಹೊಂದಾಣಿಕೆಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ ಕೇಬಲ್‌ಗೆ ದೊಡ್ಡ ಶತ್ರು ಮೀನುಗಾರಿಕೆ. ಜಗತ್ತಿನಲ್ಲಿ ಕೇಬಲ್ ಹರಿಯುವ ಪ್ರಕರಣಗಳಲ್ಲಿ ಬಹುಪಾಲು ಟ್ರಾಲ್ ದೋಣಿಗಳ ಬಲೆ ಮತ್ತು ಹಡಗುಗಳ ಲಂಗರಿನಿಂದಲೇ ಆಗುವಂಥವು. ಆದ್ದರಿಂದ ಅಂಥ ಕಡೆ ಹಡಗು ಎಳೆಯುವ ನೇಗಿಲಿನಿಂದ ಸಮುದ್ರತಳವನ್ನು ಸೀಳಿ ಕೇಬಲನ್ನು ಹೂಳುವ ಪದ್ಧತಿ ಬೆಳೆದಿದೆ. ಆಳಸಮುದ್ರದಲ್ಲಿ ಅದು ತಳದ ಕೆಸರಿನ ಮೇಲೆ ಸುಮ್ಮನೆ ಮಲಗಿರುತ್ತದೆ.

ಆಳದಲ್ಲಿ ಬೇರೊಂದು ಅಚ್ಚರಿ ಕಾದಿತ್ತು. ಟಿಎಟಿ-8ಕ್ಕೆ ಪೂರ್ವಸಿದ್ಧತೆಯಾಗಿ ಎಟಿ ಅಂಡ್ ಟಿ 1985ರಲ್ಲಿ ಕೆನರಿ ದ್ವೀಪಗಳ ಗ್ರಾನ್ ಕನಾರಿಯಾ ಮತ್ತು ಟೆನೆರೀಫ್ ನಡುವೆ ಬೆಳಕಿನ ಕೇಬಲ್ ಹಾಸಿತು. ಅದು ಕೆಟ್ಟಾಗ ಮೇಲೆತ್ತಿ ನೋಡಿದರೆ ಪಾಲಿಥೀನ್ ಹೊದಿಕೆಯಲ್ಲಿ ಶಾರ್ಕ್ ಹಲ್ಲುಗಳು ನಾಟಿಕೊಂಡಿದ್ದವು. ದಪ್ಪವಾದ ಏಕಾಕ್ಷ ಕೇಬಲ್‌ಗಳಿಗೆ ಇಂಥ ಕಾಟ ಇರಲಿಲ್ಲ. ಶಾರ್ಕ್‌ಗಳು ಬೇಟೆಯ ಸ್ನಾಯುಗಳು ಹೊಮ್ಮಿಸುವ ಅತಿ ಕ್ಷೀಣ ವಿದ್ಯುತ್ ಕ್ಷೇತ್ರವನ್ನೂ ಗುರುತಿಸಬಲ್ಲವು. ರಿಪೀಟರ್‌ಗಳಿಗೆ ಹರಿಯುವ ವಿದ್ಯುತ್ತು ಅವನ್ನು ಸೆಳೆಯಿತೆಂಬ ವಿವರಣೆ ಹುಟ್ಟಿತು, ಪ್ರಯೋಗಗಳೂ ನಡೆದವು. ಕಾರಣ ಏನೇ ಇರಲಿ, ಪರಿಹಾರ ಸರಳವಾಗಿತ್ತು: ಪಾಲಿಥೀನ್ ಮೇಲೆ ಉಕ್ಕಿನ ಪಟ್ಟಿ ಸುತ್ತಿ, ಅದರ ಮೇಲೆ ಮತ್ತೊಂದು ಪಾಲಿಥೀನ್ ಹೊದಿಕೆ. ಮೀನಿನ ಕಡಿತ ತಡೆಯುವ ಈ ಕವಚ ಅಪಾಯವಿರುವ ಆಳಗಳಲ್ಲಿ ಬೆಳಕಿನ ಕೇಬಲ್‌ಗಳ ಭಾಗವಾಯಿತು.

ತುಂಬಿ ಹರಿದ ವರ್ಷಗಳು

ಉದ್ಘಾಟನೆಯ ದಿನ ವಿಜ್ಞಾನ ಲೇಖಕ ಐಸಾಕ್ ಅಸಿಮೋವ್ ನ್ಯೂಯಾರ್ಕಿನಿಂದ ಲಂಡನ್ ಮತ್ತು ಪ್ಯಾರಿಸಿನ ಸಭಿಕರೊಡನೆ ಈ ಕೇಬಲ್ ಮೂಲಕ ಮಾತಾಡಿದರು. ಬೆಳಕಿನ ಮೇಲೇರಿ ಧ್ವನಿಯೂ ಚಿತ್ರವೂ ಸಾಗರ ದಾಟಿದ್ದನ್ನು ಜನ ಕಣ್ಣಾರೆ ಕಂಡರು.

ಈ ಸಾಮರ್ಥ್ಯ ತುಂಬಲು ಹತ್ತು ವರ್ಷ ಬೇಕಾದೀತು ಎಂಬ ಅಂದಾಜಿತ್ತು. ತುಂಬಿದ್ದು ಸುಮಾರು ಒಂದೂವರೆ ವರ್ಷದಲ್ಲಿ. ಅಂದಾಜು ಮಾಡಿದವರು ಹಳೆಯ ಬೆಲೆ ಮತ್ತು ಹಳೆಯ ಗುಣಮಟ್ಟದಲ್ಲಿ ಜನ ಎಷ್ಟು ಮಾತಾಡುತ್ತಿದ್ದರೋ ಅದನ್ನು ಮುಂದಕ್ಕೆ ಎಳೆದಿದ್ದರು. ಧ್ವನಿ ಪಕ್ಕದ ಮನೆಯಿಂದ ಬಂದಂತೆ ಕೇಳಿಸತೊಡಗಿದಾಗ, ಫ್ಯಾಕ್ಸ್ ಯಂತ್ರಗಳು ಕಚೇರಿ ಕಚೇರಿಗೂ ಬಂದಾಗ, ಬ್ಯಾಂಕುಗಳೂ ಶೇರುಪೇಟೆಗಳೂ ತಮ್ಮ ಕಂಪ್ಯೂಟರುಗಳನ್ನು ಖಂಡಾಂತರ ಜೋಡಿಸಿದಾಗ ಬೇಡಿಕೆಯ ಸ್ವರೂಪವೇ ಬದಲಾಯಿತು. ಸಾಗರದಡಿಯ ಕೇಬಲ್‌ಗಳ ಚರಿತ್ರೆಯಲ್ಲಿ ಬೇಡಿಕೆಯನ್ನು ಕಡಿಮೆಯಾಗಿ ಎಣಿಸಿದ ನಿದರ್ಶನಗಳು ಇನ್ನೂ ಇವೆ. ಇಷ್ಟು ಬೇಗ ಬಯಲಾದದ್ದು ವಿರಳ.

ಆ ಹೊಸ ಬೇಡಿಕೆಯಲ್ಲಿ ಒಂದು ತುಣುಕು ವಿಶೇಷ ಗಮನಕ್ಕೆ ಅರ್ಹ. 1990ರಲ್ಲಿ ಐಬಿಎಂ ನೆರವಿನಿಂದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೂ ಜಿನೀವಾದ ಸೆರ್ನ್ ಸಂಶೋಧನಾ ಕೇಂದ್ರಕ್ಕೂ ನಡುವೆ ಸೆಕೆಂಡಿಗೆ 1.5 ಮೆಗಾಬಿಟ್ ವೇಗದ ಸಂಪರ್ಕ ಟಿಎಟಿ-8ರ ಮೂಲಕ ಏರ್ಪಟ್ಟಿತು. ಅದೇ ವರ್ಷದ ಕೊನೆಯಲ್ಲಿ ಸೆರ್ನ್‌ನ ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ಸರ್ವರ್ ಮತ್ತು ಬ್ರೌಸರನ್ನು ಸಿದ್ಧಪಡಿಸಿದರು. ವೆಬ್ ಹುಟ್ಟಿದ ಊರು ಆಗಷ್ಟೇ ಅಮೆರಿಕದ ಜಾಲದೊಡನೆ ವೇಗವಾಗಿ ಮಾತಾಡಲು ಕಲಿತಿತ್ತು.

ಸ್ಪರ್ಧಿಗಳು ಕಾದು ಕೂರಲಿಲ್ಲ. 1989ರಲ್ಲಿ ಖಾಸಗಿ ಕೇಬಲ್ ಪಿಟಿಎಟಿ-1 ಅಮೆರಿಕ, ಬರ್ಮುಡಾ, ಐರ್ಲೆಂಡ್, ಬ್ರಿಟನ್‌ಗಳನ್ನು ಜೋಡಿಸಿತು. ಸರ್ಕಾರಿ ಅಥವಾ ಏಕಸ್ವಾಮ್ಯದ ದೂರವಾಣಿ ಸಂಸ್ಥೆಗಳಿಗಷ್ಟೇ ಮೀಸಲಾಗಿದ್ದ ಅಟ್ಲಾಂಟಿಕ್ ತಳಕ್ಕೆ ಮಾರುಕಟ್ಟೆ ಇಳಿಯಿತು. ಪೆಸಿಫಿಕ್‌ನಲ್ಲಿ ಅದೇ ವರ್ಷ ಟಿಎಟಿ-8ರದೇ ತಂತ್ರದ ಹವಾಯ್-4 ಮತ್ತು ಟಿಪಿಸಿ-3 ಕೇಬಲ್‌ಗಳು ಕ್ಯಾಲಿಫೋರ್ನಿಯಾ, ಹವಾಯ್, ಜಪಾನ್‌ಗಳನ್ನು ಪೋಣಿಸಿದವು. 1994ರ ಕ್ಯಾನ್‌ಟ್ಯಾಟ್-3 ಐಸ್‌ಲೆಂಡ್ ಮತ್ತು ಫೇರೋ ದ್ವೀಪಗಳನ್ನು ಕೆನಡಾ ಹಾಗೂ ಯುರೋಪಿನೊಡನೆ ಬೆಸೆಯಿತು. ಹತ್ತು ವರ್ಷ ಕಾಲ ಐಸ್‌ಲೆಂಡಿನ ಮುಖ್ಯ ಬೆಳಕಿನ ಕೊಂಡಿ ಅದೇ ಆಗಿತ್ತು.

ಭಾರತಕ್ಕೆ ಈ ತಲೆಮಾರಿನ ಕೇಬಲ್ ಬಂದದ್ದು 1994ರಲ್ಲಿ. ಸಿಂಗಾಪುರದಿಂದ ಫ್ರಾನ್ಸಿನವರೆಗೆ ಹದಿಮೂರು ದೇಶಗಳನ್ನು ಮುಟ್ಟಿದ ಸೀ-ಮೀ-ವಿ 2 ಮುಂಬಯಿಯಲ್ಲಿ ದಡ ಹತ್ತಿತು. ಅಲ್ಲಿಯವರೆಗೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಕ್ಕೆ ಆಕಾಶವೇ ಆಸರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದಾಗ ಅಮೆರಿಕಕ್ಕೆ ಅದರ ಕೊಂಡಿ ಉಪಗ್ರಹದ್ದಾಗಿತ್ತು.

ಮಿತಿ ಎಲ್ಲಿತ್ತು

ಟಿಎಟಿ-8ರ ಅಂತ್ಯಕ್ಕೆ ಕಾರಣವಾದ ಸಾಧನ ಟಿಎಟಿ-8 ಚಾಲನೆಗೆ ಬರುವ ಮೊದಲೇ ಹುಟ್ಟಿತ್ತು. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ಅವರ ತಂಡ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಮಾನ್ಯುಯೆಲ್ ಡೆಸುರ್ವಿರ್ ಮತ್ತವರ ಸಂಗಡಿಗರು, ಗಾಜಿನ ಎಳೆಗೆ ಎರ್ಬಿಯಂ ಎಂಬ ವಿರಳ ಧಾತುವನ್ನು ಬೆರೆಸಿ ಬೆಳಕಿನ ವರ್ಧಕ ಮಾಡಿದರು. ಇಲ್ಲಿ ಬೆಳಕು ವಿದ್ಯುತ್ತಾಗಬೇಕಿಲ್ಲ. ಪಕ್ಕದ ಲೇಸರ್‌ನಿಂದ ಶಕ್ತಿ ಪಡೆದ ಎರ್ಬಿಯಂ ಪರಮಾಣುಗಳು, ಹಾದುಹೋಗುವ ಬೆಳಕಿಗೆ ಅದೇ ಬಗೆಯ ಬೆಳಕನ್ನು ಕೂಡಿಸಿ ಬಲಗೊಳಿಸುತ್ತವೆ.

ವ್ಯತ್ಯಾಸ ಸಣ್ಣದೆನಿಸಬಹುದು, ಪರಿಣಾಮ ಅಗಾಧ. ಟಿಎಟಿ-8ರ ರಿಪೀಟರ್ ಪ್ರತಿ ಬಿಟ್ಟನ್ನೂ ಓದಿ ಮರುಬರೆಯುತ್ತಿತ್ತು. ಆದ್ದರಿಂದ ಅದಕ್ಕೆ ಗೊತ್ತಿದ್ದ ವೇಗ ಒಂದೇ. ದಡದಲ್ಲಿ ಎಷ್ಟೇ ಉತ್ತಮ ಯಂತ್ರ ತಂದರೂ ಸಾಗರತಳದ ನೂರಕ್ಕೂ ಹೆಚ್ಚು ಗಡಿಯಾರಗಳು 295.6 ಮೆಗಾಬಿಟ್ ಬಿಟ್ಟು ಬೇರೆ ವೇಗಕ್ಕೆ ಒಗ್ಗುತ್ತಿರಲಿಲ್ಲ. ಎರ್ಬಿಯಂ ವರ್ಧಕಕ್ಕೆ ಬಿಟ್‌ಗಳ ಪರಿವೆಯೇ ಇಲ್ಲ. ವೇಗ ಹೆಚ್ಚಿಸಿದರೂ, ಹಲವು ಬಣ್ಣದ ಬೆಳಕುಗಳನ್ನು ಒಟ್ಟಿಗೆ ಕಳಿಸಿದರೂ ಅದು ಎಲ್ಲವನ್ನೂ ಬಲಗೊಳಿಸುತ್ತದೆ. ಕೇಬಲ್ ನೀರಿನಡಿ ಹಾಗೆಯೇ ಇರಲು, ದಡದ ಯಂತ್ರ ಬದಲಿಸಿ ಸಾಮರ್ಥ್ಯ ಹಲವು ಪಟ್ಟು ಏರಿಸಬಹುದು. ಟಿಎಟಿ-8ರ ಗಾಜು ಇನ್ನಷ್ಟು ಹೊರಬಲ್ಲದಾಗಿತ್ತು. ಗಾಜಿನ ನಡುನಡುವೆ ಕುಳಿತ ವಿದ್ಯುನ್ಮಾನಕ್ಕೆ ಆ ಶಕ್ತಿ ಇರಲಿಲ್ಲ.

1992ರ ಟಿಎಟಿ-9 ಇನ್ನೂ ಹಳೆಯ ಮಾದರಿಯದೇ, ಪ್ರತಿ ಜೋಡಿಗೆ 560 ಮೆಗಾಬಿಟ್. 1996ರ ಟಿಎಟಿ-12 ಮತ್ತು 13 ಎರ್ಬಿಯಂ ವರ್ಧಕಗಳೊಡನೆ ಬಂದವು: ಪ್ರತಿ ಜೋಡಿಗೆ 5 ಗಿಗಾಬಿಟ್, ಜೊತೆಗೆ ಎರಡೂ ಸೇರಿ ಒಂದು ಉಂಗುರ, ಒಂದು ಕಡೆ ಹರಿದರೆ ಇನ್ನೊಂದು ಕಡೆಯಿಂದ ದಾರಿ. ಅಲ್ಲಿಂದ ಮುಂದೆ ಇಂಟರ್‌ನೆಟ್ ಉಬ್ಬರದಲ್ಲಿ ಅಟ್ಲಾಂಟಿಕ್ ತಳಕ್ಕೆ ಹಣದ ಹೊಳೆ ಹರಿಯಿತು. 2001ರ ಟಿಎಟಿ-14ರ ಸಾಮರ್ಥ್ಯ ಸೆಕೆಂಡಿಗೆ 640 ಗಿಗಾಬಿಟ್. ಟಿಎಟಿ-8ರ ಎರಡೂ ಜೋಡಿ ಸೇರಿದರೆ 0.56 ಗಿಗಾಬಿಟ್, ಅಂದರೆ ಹದಿಮೂರು ವರ್ಷಗಳಲ್ಲಿ ಸಾವಿರ ಪಟ್ಟು ಮೀರಿದ ಜಿಗಿತ.

ಒಂದು ಕೇಬಲನ್ನು ನಡೆಸುವುದೆಂದರೆ ದಡದ ನಿಲ್ದಾಣಗಳ ಸಿಬ್ಬಂದಿ, ಕರೆಂಟು, ದುರಸ್ತಿ ಹಡಗುಗಳಿಗೆ ಕೊಡುವ ವಂತಿಗೆ ಎಲ್ಲವೂ. ಈ ಖರ್ಚು ಹಳೆಯ ಕೇಬಲ್‌ಗೂ ಹೊಸದಕ್ಕೂ ಹೆಚ್ಚು ವ್ಯತ್ಯಾಸವಾಗದು. ಅದನ್ನು ಹಂಚಿಕೊಳ್ಳಲು ಒಂದರಲ್ಲಿ ಸಾವಿರ ಪಟ್ಟು ಮಾರ್ಗಗಳಿವೆ, ಇನ್ನೊಂದರಲ್ಲಿಲ್ಲ. ಇಂಥ ಲೆಕ್ಕದ ಮುಂದೆ 2002ರಲ್ಲಿ ಟಿಎಟಿ-8 ನಿಂತಿತು. 9, 10, 11ನೆಯವೂ ಕೆಲವೇ ವರ್ಷಗಳಲ್ಲಿ ಅದನ್ನು ಹಿಂಬಾಲಿಸಿದವು.

ಅತಿಯಾಗಿ ಹಾಸಿದ ಹೊಸ ಕೇಬಲ್‌ಗಳ ಒಡೆಯರೂ ಉಳಿಯಲಿಲ್ಲ. ಅಟ್ಲಾಂಟಿಕ್‌ನ ದೊಡ್ಡ ಹೂಡಿಕೆದಾರ ಗ್ಲೋಬಲ್ ಕ್ರಾಸಿಂಗ್ 2002ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಬೆಲೆ ಬಿದ್ದ ಈ ಪೇಟೆಯಲ್ಲಿ ಭಾರತದ ಕಂಪನಿಗಳು ಕೊಂಡವರ ಸಾಲಿನಲ್ಲಿ ನಿಂತವು: ರಿಲಯನ್ಸ್ ಫ್ಲ್ಯಾಗ್ ಜಾಲವನ್ನು ಸುಮಾರು 20.7 ಕೋಟಿ ಡಾಲರಿಗೆ, ಟಾಟಾ ಒಡೆತನದ ವಿಎಸ್‌ಎನ್‌ಎಲ್ ಟೈಕೋ ಜಾಲವನ್ನು 2005ರಲ್ಲಿ 13 ಕೋಟಿ ಡಾಲರಿಗೆ ಪಡೆದವು. ಟಿಎಟಿ-8 ಒಂದನ್ನು ಹಾಕಲು ತಗುಲಿದ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಅಟ್ಲಾಂಟಿಕ್, ಪೆಸಿಫಿಕ್ ಎರಡನ್ನೂ ದಾಟುವ ಜಾಲ ಕೈಸೇರಿತು. ಬೆಂಗಳೂರಿನ ಕಾಲ್ ಸೆಂಟರುಗಳೂ ಸಾಫ್ಟ್‌ವೇರ್ ಕಚೇರಿಗಳೂ ಅಮೆರಿಕದ ಹಗಲಿಗೆ ತಮ್ಮ ರಾತ್ರಿಯನ್ನು ಜೋಡಿಸಿಕೊಂಡ ವರ್ಷಗಳವು. ಅಗ್ಗದ ಸಾಗರದಡಿ ಸಾಮರ್ಥ್ಯವಿಲ್ಲದೆ ಆ ಉದ್ಯಮ ಅಷ್ಟು ಹಿಗ್ಗುತ್ತಿರಲಿಲ್ಲ.

ನಿವೃತ್ತಿಯ ನಂತರ

ಸೇವೆ ಮುಗಿದ ಕೇಬಲ್‌ಗೆ ಮೂರು ಗತಿಗಳಿವೆ. ಸಾಮಾನ್ಯವಾಗಿ ಅದು ಇದ್ದಲ್ಲೇ ಉಳಿಯುತ್ತದೆ. ಪಾಲಿಥೀನ್ ಆಳಸಮುದ್ರದ ತಣ್ಣನೆಯ ಕತ್ತಲಲ್ಲಿ ಬೇಗ ಕೊಳೆಯುವುದಿಲ್ಲ. ಕೆಲವನ್ನು ಹಡಗುಗಳು ಕೊಕ್ಕೆ ಹಾಕಿ ಮೇಲೆತ್ತುತ್ತವೆ. ತಾಮ್ರ, ಉಕ್ಕು, ಪಾಲಿಥೀನ್ ಮರುಬಳಕೆಗೆ ಹೋಗುತ್ತವೆ; ಗಾಜಿನ ಎಳೆಗೆ ಅಂಥ ಬೆಲೆ ಇಲ್ಲ. ಈ ಕೆಲಸವನ್ನೇ ಕಸುಬಾಗಿ ಮಾಡಿಕೊಂಡ ಕಂಪನಿಗಳಿವೆ. ಹಳೆಯ ಕೇಬಲ್ ತೆಗೆದ ಜಾಡಿನಲ್ಲಿ ಹೊಸದಕ್ಕೆ ದಾರಿ ಸಿಗುವುದೂ ಇದರ ಒಂದು ಲಾಭ. ಪರೀಕ್ಷಿಸಿ ಆಯ್ದ ಒಳ್ಳೆಯ ಮಾರ್ಗಗಳು ಸಾಗರತಳದಲ್ಲೂ ವಿರಳ.

ಮೂರನೆಯ ಗತಿ ಅಪರೂಪದ್ದು, ಅತ್ಯುತ್ತಮವಾದದ್ದು. ಟಿಎಟಿ-8ರ ಪೆಸಿಫಿಕ್ ಸೋದರಿ ಹವಾಯ್-4 ನಿವೃತ್ತವಾದಾಗ ಅದನ್ನು ಸಂಶೋಧಕರು ಪಡೆದರು. ಓವಾಹು ದ್ವೀಪದ ಉತ್ತರಕ್ಕೆ, 4,700 ಮೀಟರಿಗಿಂತ ಆಳದಲ್ಲಿ, 2011ರಿಂದ ಅಲೋಹಾ ಎಂಬ ಸಾಗರತಳ ವೀಕ್ಷಣಾಲಯ ಅದೇ ಕೇಬಲ್‌ನ ತುದಿಯಲ್ಲಿ ನಿಂತಿದೆ. ದಡದಿಂದ ಕರೆಂಟು ಅದೇ ತಾಮ್ರದಲ್ಲಿ ಇಳಿಯುತ್ತದೆ. ನೀರಿನ ಉಷ್ಣತೆ, ಪ್ರವಾಹ, ತಿಮಿಂಗಿಲಗಳ ಕೂಗು ಅದೇ ಗಾಜಿನಲ್ಲಿ ಮೇಲೆ ಬರುತ್ತವೆ. ದೂರವಾಣಿಗೆ ತೀರ ಸಣ್ಣದಾಗಿ ಹೋದ ಸಾಮರ್ಥ್ಯ ವಿಜ್ಞಾನದ ಉಪಕರಣಗಳಿಗೆ ಧಾರಾಳ. ಇಂಥ ಮರುಬಳಕೆಗೆ ಇನ್ನಷ್ಟು ಕೇಬಲ್‌ಗಳನ್ನು ಕೊಡಬೇಕಿತ್ತು. ಆಳಸಮುದ್ರಕ್ಕೆ ಕರೆಂಟು ಮತ್ತು ಸಂಪರ್ಕ ಒಯ್ಯುವುದು ಇಂದಿಗೂ ಸಾಗರಶಾಸ್ತ್ರದ ಅತಿ ದುಬಾರಿ ಕೆಲಸ. ಅದಾಗಲೇ ಹಾಸಿ ಮುಗಿದಿದ್ದ ಸಾವಿರಾರು ಕಿಲೋಮೀಟರುಗಳನ್ನು ಸುಮ್ಮನೆ ಆರಿಸಿದ್ದು ನಷ್ಟವೇ.

ಟಿಎಟಿ-8ರ ದಡಗಳು ಮಾತ್ರ ಕೆಲಸ ಬಿಡಲಿಲ್ಲ. ಟಕರ್‌ಟನ್ ಮತ್ತು ಕಾರ್ನ್‌ವಾಲ್‌ನಲ್ಲಿ ವಿಡ್‌ಮತ್ ಬೇ ಇರುವ ಬ್ಯೂಡ್ ಕರಾವಳಿ ಎರಡೂ ಟಿಎಟಿ-14ರ ನೆಲೆಗಳಾದವು. ಆ ಕೇಬಲ್ ಕೂಡ 2020ರ ಡಿಸೆಂಬರಿನಲ್ಲಿ ಸೇವೆ ಮುಗಿಸಿತು. ಅಷ್ಟು ಹೊತ್ತಿಗೆ ಅಟ್ಲಾಂಟಿಕ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಫೇಸ್‌ಬುಕ್ ಹಾಕಿಸಿದ ಮರಿಯಾ ಓಡುತ್ತಿತ್ತು. 2018ರಲ್ಲಿ ಅದರ ಘೋಷಿತ ಸಾಮರ್ಥ್ಯ ಸೆಕೆಂಡಿಗೆ 160 ಟೆರಾಬಿಟ್. ಕೇಬಲ್ ಹಾಕಿಸುವವರು ಮುಖ್ಯವಾಗಿ ದೂರವಾಣಿ ಸಂಸ್ಥೆಗಳಾಗಿದ್ದ ಕಾಲವೂ ಟಿಎಟಿ ಸರಣಿಯ ಜೊತೆಗೇ ಮುಗಿದಿತ್ತು.